ಸಂಪಾದಕರ ಉತ್ತರ: ರುಮಾಲು ಸುತ್ತಬಲ್ಲವರು ಎಲ್ಲಿದ್ದಾರೆ?

ಧಾರವಾಡ ಜಿಲ್ಲೆಯ ನಿವೃತ್ತ ಕನ್ನಡ ಶಿಕ್ಷಕರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಹೆಸರು ಅಚ್ಚಾಗುವುದು ಬೇಡವೆಂದು ಕೇಳಿಕೊಂಡಿರುವುದರಿಂದ ಪತ್ರದ ಸಾರವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ಅವರ ಊರಿನ ರಾಜ್ಯೋತ್ಸವ ಸಮಾರಂಭದಲ್ಲಿ ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ತಲೆಯ ಮೇಲೆ ರೆಡಿಮೇಡ್ ಮೈಸೂರು ಪೇಟವೊಂದನ್ನು ಇಟ್ಟರಂತೆ. ಪೇಟ ತಲೆಗೆ ಸಣ್ಣದಾಗಿದ್ದುದರಿಂದ ಫೋಟೊ ತೆಗೆದು ಮುಗಿಯುವವರೆಗೆ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ನಿಲ್ಲಬೇಕಾಯಿತಂತೆ. ಆ ಮುಜುಗರದಿಂದ ಹುಟ್ಟಿದ ಪ್ರಶ್ನೆಗಳು ಇವು: ಮೈಸೂರು ಆಸ್ಥಾನದ ಉಡುಪು ಇಡೀ ಕರ್ನಾಟಕದ ಗುರುತು ಹೇಗಾಯಿತು? ನಮ್ಮ ಕಡೆ ತಲೆಗೆ ಸುತ್ತುವ ಪಟಗ, ತುಳುನಾಡಿನ ಹಾಳೆಯ ಟೊಪ್ಪಿಗೆ ಮುಟ್ಟಾಳೆ, ಕೊಡವರ ತಲೆವಸ್ತ್ರ ಮಂಡೆತುಣಿ ಯಾರ ಕಣ್ಣಿಗೂ ಏಕೆ ಬೀಳಲಿಲ್ಲ? ಕೊನೆಗೆ ಅವರು ಹೇಳುವುದು, ನಾಡಿನ ಗುರುತು ಇರುವುದು ಭಾಷೆಯಲ್ಲಿ, ತಲೆಯ ಮೇಲಿರುವುದು ಬರೀ ಬಟ್ಟೆ. ಪೇಟ ರುಮಾಲುಗಳನ್ನೆಲ್ಲ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ ಬರಿದಲೆಯಲ್ಲಿ ನಡೆಯುವುದೇ ಪ್ರಜಾಪ್ರಭುತ್ವಕ್ಕೆ ಶೋಭೆ ಎಂದು.

ಮಾಸ್ತರರೇ, ತಮ್ಮ ಕೈಬರಹ ನೋಡಿಯೇ ಮನಸ್ಸು ತುಂಬಿತು. ಸಿಟ್ಟಿನಲ್ಲಿಯೂ ತಾವು ಒಂದು ಒತ್ತಕ್ಷರವನ್ನೂ ತಪ್ಪಿಸಿಲ್ಲ. ಆ ಸಿಟ್ಟಿನಲ್ಲಿ ಒಂದು ಪಾಲು ನನ್ನದೂ ಹೌದು. ಉಳಿದ ಪಾಲಿನ ಬಗ್ಗೆ ಮಾತ್ರ ತಮ್ಮೊಡನೆ ವಾದಕ್ಕೆ ಇಳಿಯದೆ ವಿಧಿಯಿಲ್ಲ.

ಮೈಸೂರು ಪೇಟ ಹಳೆಯ ಮೈಸೂರಿನದು, ಅದರಲ್ಲಿಯೂ ಅರಮನೆ ಮತ್ತು ಕಚೇರಿಗಳ ಸುತ್ತಲಿನದು ಎಂಬ ತಮ್ಮ ಆಕ್ಷೇಪ ನ್ಯಾಯವಾದದ್ದೇ. 1956ರ ನವೆಂಬರ್ 1ರಂದು ಒಂದಾದ ನಾಡಿಗೆ ಮೈಸೂರೆಂಬ ಹೆಸರೇ ಉಳಿದು, ಕರ್ನಾಟಕವೆಂಬ ಹೆಸರಿಗಾಗಿ 1973ರ ನವೆಂಬರ್ 1ರವರೆಗೆ ಕಾಯಬೇಕಾದ ನೋವು ಧಾರವಾಡದ ಕಡೆಯವರಿಗೆ ಇಂದಿಗೂ ಇರುವುದು ಸಹಜ. ಸರ್ಕಾರವೊಂದು ತಲೆಯುಡುಗೆಯನ್ನು ಹೇರಹೊರಟಾಗ ಏನಾಗುತ್ತದೆಂಬುದಕ್ಕೂ ನೆರೆಯ ನೇಪಾಳವೇ ಸಾಕ್ಷಿ. ರಾಜ ಮಹೇಂದ್ರರ ಆಳ್ವಿಕೆಯಲ್ಲಿ ಪಾಸ್‌ಪೋರ್ಟಿನಂಥ ಅಧಿಕೃತ ಕಾಗದಪತ್ರಗಳ ಭಾವಚಿತ್ರಕ್ಕೆ ಢಾಕಾ ಟೋಪಿ ಕಡ್ಡಾಯವಾಗಿತ್ತು. ಗುಡ್ಡಗಾಡಿನವರಿಗೆ ಹೆಮ್ಮೆಯಾಗಿದ್ದ ಆ ಟೋಪಿ ತೆರಾಯಿಯ ಬಯಲಿನವರಿಗೆ ತಮ್ಮ ಮೇಲೆ ಹೊರಿಸಿದ ಗುರುತಾಗಿ ಕಂಡಿತು. ಇಷ್ಟನ್ನು ಒಪ್ಪಿದೆ. ಆದರೆ ತಾವು ‘ಬರೀ ಬಟ್ಟೆ’ ಎಂದು ಬರೆದಿದ್ದೀರಲ್ಲ, ಅಲ್ಲಿಂದ ಮುಂದೆ ನಾನು ತಮ್ಮ ಜೊತೆ ಒಂದು ಹೆಜ್ಜೆಯನ್ನೂ ಇಡಲಾರೆ.

ಬರೀ ಬಟ್ಟೆಯಾಗಿದ್ದರೆ ದರ್ಬಾನಿನ ಮ್ಯಾಜಿಸ್ಟ್ರೇಟನಿಗೆ ಅದರ ಗೊಡವೆಯೇಕೆ ಬೇಕಾಗಿತ್ತು? 1893ರ ಮೇ ತಿಂಗಳಲ್ಲಿ, ಇಪ್ಪತ್ತಮೂರು ವರ್ಷದ ಮೋಹನದಾಸ ಗಾಂಧಿ ದಕ್ಷಿಣ ಆಫ್ರಿಕಕ್ಕೆ ಬಂದಿಳಿದ ಕೆಲವೇ ದಿನಗಳಲ್ಲಿ, ಅವರನ್ನು ಕರೆಸಿಕೊಂಡಿದ್ದ ವ್ಯಾಪಾರಿ ದಾದಾ ಅಬ್ದುಲ್ಲಾ ಅಲ್ಲಿನ ನ್ಯಾಯಾಲಯವನ್ನು ತೋರಿಸಲು ಕರೆದೊಯ್ದರು. ಮ್ಯಾಜಿಸ್ಟ್ರೇಟ ಬಹಳ ಹೊತ್ತು ದಿಟ್ಟಿಸಿ ನೋಡಿ, ಕೊನೆಗೆ ಮುಂಡಾಸು ತೆಗೆಯುವಂತೆ ಹೇಳಿದ. ಗಾಂಧಿ ತೆಗೆಯಲಿಲ್ಲ; ಎದ್ದು ಹೊರಗೆ ನಡೆದರು. ಇಂಗ್ಲಿಷರ ಹ್ಯಾಟು ಹಾಕಿಕೊಂಡರೆ ಈ ತಂಟೆಯೇ ಇರುವುದಿಲ್ಲವೆಂದು ಅವರಿಗೆ ಆಗ ಅನ್ನಿಸದೆ ಇರಲಿಲ್ಲ. ಬೇಡವೆಂದು ತಡೆದವರು ದಾದಾ ಅಬ್ದುಲ್ಲಾ: ಮುಂಡಾಸು ನಿಮ್ಮ ತಲೆಗೆ ಒಪ್ಪುತ್ತದೆ, ಹ್ಯಾಟು ಹಾಕಿದರೆ ನಿಮ್ಮನ್ನು ಹೋಟೆಲಿನ ಮಾಣಿಯೆಂದು ತಿಳಿದಾರು, ನೀವೇ ಬಿಟ್ಟುಕೊಟ್ಟರೆ ಮುಂಡಾಸು ಸುತ್ತುವ ಉಳಿದವರ ಗತಿಯೇನು ಎಂಬುದು ಅವರ ಮಾತಿನ ಧಾಟಿ. ಗಾಂಧಿ ಪತ್ರಿಕೆಗೆ ಬರೆದು ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ವಾರದೊಳಗೆ ದರ್ಬಾನಿಗೆಲ್ಲ ಅವರ ಹೆಸರು ಗೊತ್ತಾಯಿತು. ರೈಲಿನಿಂದ ಅವರನ್ನು ಇಳಿಸಿದ ಪೀಟರ್‌ಮಾರಿಟ್ಜ್‌ಬರ್ಗಿನ ಕಥೆಯನ್ನು ತಾವು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿರುತ್ತೀರಿ. ಮುಂಡಾಸಿನ ಈ ಪ್ರಸಂಗ ಅದಕ್ಕಿಂತ ಮೊದಲಿನದು. ಮರುವರ್ಷ ನಟಾಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ವಕೀಲರಾಗಿ ಪ್ರಮಾಣ ಸ್ವೀಕರಿಸಿದಾಗ ಗಾಂಧಿ ಅದೇ ಮುಂಡಾಸನ್ನು ಮುಖ್ಯ ನ್ಯಾಯಾಧೀಶರ ಸೂಚನೆಯಂತೆ ತೆಗೆದರು, ಶಕ್ತಿಯನ್ನು ದೊಡ್ಡ ಹೋರಾಟಗಳಿಗೆ ಉಳಿಸಿಕೊಳ್ಳಬೇಕೆಂದು. ದಾದಾ ಅಬ್ದುಲ್ಲಾ ಅವರಿಗೆ ಅದು ಹಿಡಿಸಲಿಲ್ಲ. ಒಬ್ಬ ಮುಸ್ಲಿಂ ವ್ಯಾಪಾರಿ ಒಬ್ಬ ವೈಷ್ಣವ ವಕೀಲನ ತಲೆಯ ಮೇಲಿನ ಮುಂಡಾಸನ್ನು ತನ್ನ ದೇಶದ ಮಾನವೆಂದು ತಿಳಿದಿದ್ದ ಕಾಲವದು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಸಹಕಾರ ಚಳವಳಿಯ ಹೊತ್ತಿಗೆ ಖಾದಿಯ ಬಿಳಿ ಟೊಪ್ಪಿಗೆ ಬಂತು. ಕಾಶ್ಮೀರಿ ಟೊಪ್ಪಿಗೆಯನ್ನು ನೋಡಿ ರೂಪಿಸಿದ್ದು. ಬಟ್ಟೆ ಕಡಿಮೆ ಸಾಕು, ಒಗೆಯುವುದು ಸುಲಭ, ಮಡಚಿ ಜೇಬಿಗೆ ಹಾಕಬಹುದು, ಕೂಲಿಯವನೂ ಕೊಳ್ಳಬಹುದು. ಗಾಂಧಿ ಸ್ವತಃ ಅದನ್ನು ತೊಟ್ಟದ್ದು ಕೆಲವೇ ಕಾಲ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಅಂಗಿಯನ್ನೂ ಟೊಪ್ಪಿಗೆಯನ್ನೂ ಬಿಟ್ಟು ತುಂಡುಪಂಚೆಗೆ ಇಳಿದರು. ದೇಶ ಮಾತ್ರ ಅದನ್ನು ಬಿಡಲಿಲ್ಲ. ತಮ್ಮ ಕಡೆಯವರೇ ಆದ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಕಾಂಗ್ರೆಸ್ಸಿಗಾಗಿ ಸ್ವಯಂಸೇವಕರ ಸೇವಾದಳ ಕಟ್ಟಿದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ, ಬರಿದಲೆಯ ಅಧ್ಯಕ್ಷ ಗಾಂಧಿಯವರ ಸುತ್ತಮುತ್ತ ಓಡಾಡಿ ದುಡಿದವರು ಖಾದಿ ಟೊಪ್ಪಿಗೆಯ ಆ ಸ್ವಯಂಸೇವಕರು. ಏಕೀಕರಣದ ದಿನ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು ತೊಡುತ್ತಿದ್ದುದೂ ಅದೇ ಟೊಪ್ಪಿಗೆ. ಅದನ್ನು ಹಾಕಿಕೊಂಡು ಕಚೇರಿಗೆ ಹೋದರೆ ಸರ್ಕಾರಿ ಕೆಲಸಕ್ಕೆ ಸಂಚಕಾರವೆಂದು ತಿಳಿದೂ ಹಾಕಿಕೊಂಡವರು ತಮ್ಮ ಜಿಲ್ಲೆಯಲ್ಲಿಯೂ ಇದ್ದರು, ನಮ್ಮ ಜಿಲ್ಲೆಯಲ್ಲಿಯೂ ಇದ್ದರು. ಅವರಿಗೆ ಆ ಬಟ್ಟೆ ಏನಾಗಿತ್ತೆಂದು ಒಮ್ಮೆ ಯೋಚಿಸಿ ನೋಡಿ.

ಟರ್ಕಿಯ ಚರಿತ್ರೆಯನ್ನು ಓದಿದವರಂತೂ ಈ ವಿಷಯವನ್ನು ಹಗುರವಾಗಿ ಎತ್ತಲಾರರು. 1829ರಲ್ಲಿ ಸುಲ್ತಾನ ಎರಡನೆಯ ಮಹಮೂದ್ ತನ್ನ ಅಧಿಕಾರಿಗಳ ತಲೆಯಿಂದ ಮುಂಡಾಸು ಇಳಿಸಿ ಕೆಂಪು ಫೆಜ್ ಟೊಪ್ಪಿಗೆ ತೊಡಿಸಿದಾಗ ಅದು ಪರಕೀಯವೆಂದು ಜನ ಗೊಣಗಿದರು. ಎಂಬತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಫೆಜ್ ಅವರ ಪ್ರಾಣವಾಗಿತ್ತು. 1908ರಲ್ಲಿ ಆಸ್ಟ್ರಿಯ ಬೋಸ್ನಿಯವನ್ನು ಕಬಳಿಸಿದಾಗ ಇಸ್ತಾಂಬುಲಿನ ಜನ ಆಸ್ಟ್ರಿಯದಲ್ಲಿ ತಯಾರಾದ ಫೆಜ್‌ಗಳನ್ನು ಬಹಿಷ್ಕರಿಸಿ ಪ್ರತಿಭಟಿಸಿದರು. 1925ರ ಆಗಸ್ಟಿನಲ್ಲಿ ಟರ್ಕಿಯ ಅಧ್ಯಕ್ಷ ಮುಸ್ತಫಾ ಕೆಮಾಲ್ ಪನಾಮ ಹ್ಯಾಟು ಹಿಡಿದು ಕಸ್ತಮೋನು ಊರಿಗೆ ಹೋದರು, ನವೆಂಬರ್ 25ರಂದು ಹ್ಯಾಟಿನ ಕಾನೂನು ಬಂತು, ಫೆಜ್ ತೊಡುವುದು ಅಪರಾಧವಾಯಿತು. ಹ್ಯಾಟನ್ನು ವಿರೋಧಿಸಿ ಕಾನೂನಿಗಿಂತ ಮೊದಲೇ ಬರೆದಿದ್ದ ಕಿರುಹೊತ್ತಿಗೆಯೊಂದರ ಕಾರಣಕ್ಕೆ ಆತಿಫ್ ಹೋಜಾ ಎಂಬ ಧರ್ಮಪಂಡಿತರನ್ನು 1926ರ ಫೆಬ್ರವರಿಯಲ್ಲಿ ಗಲ್ಲಿಗೇರಿಸಿದರು. ಬರಿದಲೆಯೇ ಆಧುನಿಕತೆ, ಹ್ಯಾಟೇ ನಾಗರಿಕತೆ ಎಂದು ತೀರ್ಮಾನಿಸಿದವರೂ ತಲೆಯುಡುಗೆಯನ್ನು ಹೇರಿದವರೇ ಎಂಬುದನ್ನು ತಾವು ಗಮನಿಸಬೇಕು. ಹಳೆಯದನ್ನು ಬಿಡಿಸುವುದರಲ್ಲಿಯೂ ಬಲಾತ್ಕಾರವಿರುತ್ತದೆ.

ಈಗ ಮೈಸೂರು ಪೇಟಕ್ಕೆ ಬರುತ್ತೇನೆ. ಅರಮನೆಯ ಉಡುಪೆಂದು ತಾವು ಅದನ್ನು ದೂರ ಸರಿಸಿದ್ದೀರಿ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರನ್ನು ಪೇಟವಿಲ್ಲದೆ ಕಲ್ಪಿಸಿಕೊಳ್ಳಲು ನಮ್ಮ ಮಕ್ಕಳಿಗೂ ಸಾಧ್ಯವಿಲ್ಲ. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಭಾವಚಿತ್ರಗಳನ್ನೂ ತೆಗೆದು ನೋಡಿ. ಅವರ ಅಜ್ಜ ಅಲಿ ಅಸ್ಕರ್ ಪರ್ಷಿಯದ ಶಿರಾಜಿನಿಂದ ಕುದುರೆ ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದು ನೆಲೆಸಿದವರು; ಅವರ ಹೆಸರಿನ ರಸ್ತೆ ಬೆಂಗಳೂರಿನಲ್ಲಿ ಇಂದಿಗೂ ಇದೆ. ಆ ಮನೆತನದ ಮೊಮ್ಮಗನ ತಲೆಯ ಮೇಲೆ, ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ತಲೆಯ ಮೇಲಿದ್ದಂಥದೇ ಜರಿಯಂಚಿನ ಪೇಟ. ಯಾವ ದೇವರಿಗೆ ಕೈಮುಗಿಯುತ್ತೀರಿ ಎಂದು ಆ ಪೇಟ ಕೇಳಲಿಲ್ಲ, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದೂ ಕೇಳಲಿಲ್ಲ. ನಾಡಿನ ಕೆಲಸಕ್ಕೆ ನಿಂತವರು ಇವರು ಎಂದಷ್ಟೇ ಹೇಳಿತು. ಮತದ, ಜಾತಿಯ ಗುರುತುಗಳೇ ಎಲ್ಲೆಲ್ಲೂ ಮೆರೆಯುತ್ತಿರುವ ಈ ದಿನಗಳಲ್ಲಿ ಇಂಥ ಒಂದು ಗುರುತು ನಮ್ಮಲ್ಲಿತ್ತೆಂಬುದನ್ನು ನಾನು ಸುಲಭವಾಗಿ ಬಿಟ್ಟುಕೊಡಲಾರೆ.

ಹಾಗೆಂದು ತಮ್ಮ ತಲೆಯ ಮೇಲೆ ಇಟ್ಟ ಆ ವಸ್ತುವನ್ನು ನಾನು ಸಮರ್ಥಿಸುತ್ತಿಲ್ಲ. ಸಭೆಯೊಂದರಲ್ಲಿ ನನಗೂ ಅಂಥದೊಂದು ದೊರೆತಿತ್ತು. ಮನೆಗೆ ತಂದು ಮಗುಚಿ ನೋಡಿದೆ. ಒಳಗೆ ರಟ್ಟಿನ ಬಳೆ, ಅದಕ್ಕೆ ಅಂಟಿಸಿದ ತೆಳು ಸ್ಪಂಜು, ಮೇಲೆ ಹೊಳೆಯುವ ಪಾಲಿಯೆಸ್ಟರ್ ಬಟ್ಟೆಯ ಸುಳ್ಳು ನೆರಿಗೆಗಳು, ಪ್ಲಾಸ್ಟಿಕ್ ಜರಿಯ ಅಂಚು, ಮುಂಭಾಗದಲ್ಲಿ ಗಾಜಿನ ಹರಳಿನ ಒಂದು ಬಿಲ್ಲೆ. ಸುತ್ತು ಬಿಚ್ಚೋಣವೆಂದರೆ ಬಿಚ್ಚಲು ಸುತ್ತೇ ಇಲ್ಲ. ಯಾರ ತಲೆಯ ಅಳತೆಗೂ ಮಾಡಿದ್ದಲ್ಲವಾದ್ದರಿಂದ ಯಾರ ತಲೆಗೂ ಅದು ಕೂರುವುದಿಲ್ಲ. ತಾವು ಕೈಯಲ್ಲಿ ಹಿಡಿದು ನಿಂತದ್ದು ತಮ್ಮ ತಪ್ಪಲ್ಲ, ಮೈಸೂರಿನ ತಪ್ಪೂ ಅಲ್ಲ.

ರುಮಾಲು ಸುತ್ತುವುದನ್ನು ನಾನು ಕಂಡದ್ದು ಚಿತ್ರದುರ್ಗದ ಕಡೆಯ ನಮ್ಮ ಊರಿನಲ್ಲಿ, ದೊಡ್ಡಪ್ಪನ ಮನೆಯ ಜಗಲಿಯ ಮೇಲೆ. ಒಗೆದು ಒಣಗಿಸಿದ ಉದ್ದನೆಯ ಬಿಳಿಯ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ದೊಡ್ಡಪ್ಪ ಜಗಲಿಯ ಆ ಕೊನೆಗೆ ಹೋಗುತ್ತಿದ್ದರು. ಇಬ್ಬರೂ ಎಳೆದು ಹಿಡಿದು, ಅಗಲವನ್ನು ಮಡಿಕೆ ಮಡಿಕೆಯಾಗಿ ಕೂಡಿಸಿ, ಸಡಿಲವಾಗಿ ಒಂದು ಹುರಿ ಕೊಡುತ್ತಿದ್ದೆವು. ಆಮೇಲೆ ಅವರು ತಮ್ಮ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಹಣೆಯ ಮೇಲಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ನೆತ್ತಿಗೆ, ಒಂದರ ಮೇಲೊಂದು ಓರೆಯಾಗಿ ಸುತ್ತುತ್ತ ನನ್ನ ಕಡೆಗೆ ನಡೆದು ಬರುತ್ತಿದ್ದರು. ನಾನು ಬಿಗಿ ಬಿಡದೆ ಹಿಡಿದಿರಬೇಕು, ಬಿಟ್ಟರೆ ಮೊದಲಿನಿಂದ ಸುತ್ತಬೇಕು. ಕೊನೆಗೆ ಹಲ್ಲಿನಲ್ಲಿದ್ದ ತುದಿಯನ್ನು ಒಳಗೆ ಸಿಕ್ಕಿಸಿ, ಇನ್ನೊಂದನ್ನು ಚುಂಗಾಗಿ ಹಿಂದೆ ಇಳಿಬಿಡುತ್ತಿದ್ದರು. ಕನ್ನಡಿ ನೋಡುತ್ತಿರಲಿಲ್ಲ. ಅದೇ ರುಮಾಲು ಹೊಲದಲ್ಲಿ ಬಿಸಿಲಿಗೆ ನೆರಳು, ಹೊರೆಗೆ ಸಿಂಬಿ, ಬಾವಿಯ ಹಗ್ಗ ಗಿಡ್ಡವಾದರೆ ಹಗ್ಗದ ತುಂಡು, ಸಂತೆಯಲ್ಲಿ ಕಾಳು ಕಟ್ಟುವ ಗಂಟು, ಮಧ್ಯಾಹ್ನ ಮರದಡಿಯ ಹಾಸಿಗೆ. ಊರಿನ ನ್ಯಾಯ ಪಂಚಾಯಿತಿಗೆ ಹೊರಡುವಾಗ ಮಾತ್ರ ಹೊಸದಾಗಿ ಸುತ್ತಿಕೊಳ್ಳುತ್ತಿದ್ದರು. ರುಮಾಲಿಲ್ಲದೆ ಕಟ್ಟೆಯ ಮೇಲೆ ಕೂರುವುದು ಅವರಿಗೆ ಅಂಗಿಯಿಲ್ಲದೆ ಕೂತಂತೆ.

ನನ್ನ ನಂಬಿಕೆ ಹುಟ್ಟಿದ್ದು ಆ ಜಗಲಿಯಲ್ಲಿ. ತಲೆಯುಡುಗೆ ನಾಡಿನ ಗುರುತಾಗುವುದು ಅದನ್ನು ಸುತ್ತುವ ಕೈಗಳು ಊರೂರಿನಲ್ಲಿ ಇರುವವರೆಗೆ. ಕೈಗಳು ಹೋದ ಮೇಲೆ ಉಳಿಯುವುದು ಅಂಗಡಿಯ ಸರಕು. ಹೊರಗಿನ ಪ್ರಪಂಚದಲ್ಲಿಯೂ ಇದನ್ನು ಅರಿತವರಿದ್ದಾರೆ. ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ 2012ರಲ್ಲಿ ಈಕ್ವೆಡಾರಿನಿಂದ ಸೇರಿದ್ದು ಹುಲ್ಲಿನ ಹ್ಯಾಟು ನೇಯುವ ವಿದ್ಯೆ. ಮುಸ್ತಫಾ ಕೆಮಾಲ್ ಹಿಡಿದುಕೊಂಡು ಹೋದ ‘ಪನಾಮ’ ಹ್ಯಾಟಿನ ತವರು ಆ ದೇಶವೇ. 2019ರಲ್ಲಿ ಕಿರ್ಗಿಜ್‌ಸ್ತಾನದಿಂದ ಸೇರಿದ್ದು ಬಿಳಿ ಉಣ್ಣೆಯನ್ನು ಒತ್ತಿ ‘ಅಕ್ ಕಲ್ಪಕ್’ ಟೊಪ್ಪಿಗೆ ಮಾಡುವ ಕಸುಬು ಮತ್ತು ಅದನ್ನು ತೊಡುವ ರೀತಿ ರಿವಾಜು. ಎರಡು ಕಡೆಯೂ ಗೌರವ ಸಂದದ್ದು ವಿದ್ಯೆಗೆ. ತಾವು ಸೂಚಿಸುವ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಬಟ್ಟೆ ಉಳಿದೀತು. ಹಲ್ಲಿನಲ್ಲಿ ತುದಿ ಕಚ್ಚಿ ಸುತ್ತುವುದನ್ನು ಅಲ್ಲಿ ಇಡಲು ಬರುವುದಿಲ್ಲ.

ಪೇಟ ಗಂಡಸರದು ಮಾತ್ರವೆಂಬ ತಮ್ಮ ಇನ್ನೊಂದು ಆಕ್ಷೇಪ ನನ್ನನ್ನು ಬೇರೆಯೇ ದಾರಿಗೆ ಹಚ್ಚಿತು. ಕೊಡಗಿನ ಹೆಣ್ಣುಮಕ್ಕಳು ತಲೆಗೆ ವಸ್ತ್ರ ಕಟ್ಟುವುದುಂಟು, ಅದು ಒತ್ತಟ್ಟಿಗಿರಲಿ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಮೊಳಕಾಲ್ಮೂರಿನ ರೇಷ್ಮೆ ಇಂದಿಗೂ ಮಗ್ಗದ ಮೇಲಿವೆಯೆಂದರೆ ಅದಕ್ಕೆ ಕಾರಣ ಅವನ್ನು ಉಡುವುದನ್ನು ಬಿಡದ ನಮ್ಮ ತಾಯಂದಿರು, ಅಕ್ಕತಂಗಿಯರು. ಗಂಡಸರು ನಾವು ಒಂದೆರಡು ತಲೆಮಾರಿನಲ್ಲಿ ರುಮಾಲು ಬಿಟ್ಟೆವು, ಧೋತರ ಬಿಟ್ಟೆವು. ರುಮಾಲಿನ ಬಟ್ಟೆ ನೇಯುತ್ತಿದ್ದ ಮಗ್ಗಗಳಿಗೆ ಗಿರಾಕಿಯಿಲ್ಲದಂತೆ ಮಾಡಿದೆವು. ಪರಂಪರೆಯ ಬಗ್ಗೆ ವೇದಿಕೆಯ ಮೇಲೆ ಭಾಷಣ ಮಾಡುವವರು ನಾವು, ಪರಂಪರೆಯನ್ನು ಉಟ್ಟು ತೊಟ್ಟು ಉಳಿಸಿದವರು ಅವರು.

ಇದಕ್ಕಿಂತ ಹೆಚ್ಚು ನನ್ನನ್ನು ನೋಯಿಸುವ ಸಂಗತಿ ಇನ್ನೊಂದಿದೆ. ಇಂದು ಪೇಟವನ್ನು ದಿನವೂ ತೊಡುವವರು ಯಾರೆಂದು ಸುತ್ತ ನೋಡಿ. ನ್ಯಾಯಾಲಯದಲ್ಲಿ ನ್ಯಾಯಾಧೀಶರ ಮುಂದೆ ನಡೆಯುವ ದಫೇದಾರರು, ದೊಡ್ಡ ಹೋಟೆಲುಗಳಲ್ಲಿ ಕಾರಿನ ಬಾಗಿಲು ತೆರೆದು ಸಲಾಮು ಹೊಡೆಯುವ ಕಾವಲಿನವರು, ಕಲ್ಯಾಣಮಂಟಪದಲ್ಲಿ ಬಡಿಸುವ ಹುಡುಗರು. ಅವರ ದುಡಿಮೆಗೆ ನನ್ನ ಪೂರ್ಣ ಗೌರವವಿದೆ. ನನ್ನ ಪ್ರಶ್ನೆ ಅವರ ಮಾಲೀಕರಿಗೆ, ಅವರ ಸಲಾಮು ಸ್ವೀಕರಿಸುವ ನಮಗೆ. ಬ್ರಿಟಿಷರು ತಮ್ಮ ಬಂಗಲೆಗಳಲ್ಲಿ ಹ್ಯಾಟನ್ನು ತಾವು ಇಟ್ಟುಕೊಂಡು ಮುಂಡಾಸನ್ನು ಆಳುಗಳಿಗೆ ಕೊಟ್ಟಿದ್ದರು. ಅವರು ಹೋಗಿ ಇಷ್ಟು ವರ್ಷಗಳಾದ ಮೇಲೂ ಆ ಏರ್ಪಾಡು ಹಾಗೆಯೇ ನಡೆದಿದೆ: ಮ್ಯಾನೇಜರನಿಗೆ ಟೈ, ಬಾಗಿಲು ಕಾಯುವವನಿಗೆ ಪೇಟ. ಗೌರವಾನ್ವಿತರ ತಲೆಗೆ ಅದು ಬರುವುದು ಸನ್ಮಾನದ ಹತ್ತು ನಿಮಿಷಕ್ಕೆ. ಫೋಟೊ ಮುಗಿದೊಡನೆ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಘಟಿಕೋತ್ಸವಗಳಲ್ಲಿ ಕಪ್ಪು ನಿಲುವಂಗಿ ಬಿಟ್ಟು ನಮ್ಮ ಮಗ್ಗದ ಬಟ್ಟೆ ತೊಡಬೇಕೆಂಬ ಮಾತು ಬಂದಾಗಲೂ ಎಷ್ಟೋ ಕಡೆ ಆದದ್ದು ಇಷ್ಟೇ: ಸಾವಿರ ಪೇಟಗಳಿಗೆ ಟೆಂಡರು, ಮತ್ತೆ ಅದೇ ರಟ್ಟು, ಅದೇ ಅಂಟು. ಒಂದು ವಿಶ್ವವಿದ್ಯಾಲಯವಾದರೂ ತನ್ನ ವಿದ್ಯಾರ್ಥಿಗಳಿಗೆ ಹತ್ತು ಮೊಳ ಬಟ್ಟೆ ಕೊಟ್ಟು, ಸುತ್ತಲು ಬಲ್ಲ ಹಿರಿಯರನ್ನು ಕರೆಸಿ, ಒಂದು ಬೆಳಗ್ಗೆಯಷ್ಟು ಕಾಲ ಅವರಿಗೆ ಕಲಿಸಿದ್ದರೆ ನಾನು ಆ ವಿಶ್ವವಿದ್ಯಾಲಯದ ಹೆಸರನ್ನು ಈ ಪತ್ರಿಕೆಯ ಮುಖಪುಟದಲ್ಲಿ ಅಚ್ಚು ಹಾಕುತ್ತಿದ್ದೆ.

ಕಟ್ಟುವ ವಿದ್ಯೆ ಜೀವಂತವಾಗಿರುವ ಜಾಗಗಳು ಇನ್ನೂ ಇವೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ವೇಷ ಕಟ್ಟುವ ಚೌಕಿಗೆ ಹೋಗಿ ಕುಳಿತು ನೋಡಿ. ಪುರುಷವೇಷದ ಕಲಾವಿದರು ಬಟ್ಟೆಯ ಪಟ್ಟಿಗಳನ್ನು ಸುತ್ತಿ ಸುತ್ತಿ, ನಡುನಡುವೆ ಜರಿಯ ಎಳೆ ಕೂಡಿಸಿ, ಮುಂಡಾಸನ್ನು ಪ್ರತಿ ರಾತ್ರಿ ಹೊಸದಾಗಿ ಕಟ್ಟಿಕೊಳ್ಳುತ್ತಾರೆ. ಬೆಳಗಿನವರೆಗೆ ಕುಣಿದರೂ ಅದು ಸಡಿಲಾಗುವುದಿಲ್ಲ. ಅಡಿಕೆ ತೋಟಗಳಲ್ಲಿ ಬಿದ್ದ ಹಾಳೆಯನ್ನು ನೆನೆಸಿ, ಮಡಚಿ, ಹೊಲಿದು ಮುಟ್ಟಾಳೆ ಮಾಡುವ ಹಿರಿಯರು ತುಳುನಾಡಿನಲ್ಲಿ ಇದ್ದಾರೆ. ತಮ್ಮ ಭಾಗದ ಮದುವೆಗಳಲ್ಲಿ ಬೀಗರಿಗೆ ರುಮಾಲು ಸುತ್ತುವ ಸಂಪ್ರದಾಯ ಪೂರ್ತಿ ಅಳಿದಿಲ್ಲ. ಆದ್ದರಿಂದ ಪ್ರಾದೇಶಿಕ ಅಸಮಾನತೆಯ ತಮ್ಮ ಪ್ರಶ್ನೆಗೆ ನನ್ನ ಉತ್ತರ ಬಹಳ ಸರಳ. ಧಾರವಾಡದ ರಾಜ್ಯೋತ್ಸವದಲ್ಲಿ ಧಾರವಾಡದ ಪಟಗ, ಪುತ್ತೂರಿನಲ್ಲಿ ಮುಟ್ಟಾಳೆ, ಮಡಿಕೇರಿಯಲ್ಲಿ ಮಂಡೆತುಣಿ, ಮೈಸೂರಿನಲ್ಲಿ ಮೈಸೂರಿನ ಪೇಟ. ಎಲ್ಲವೂ ಅಲ್ಲಿಯವರ ಕೈಯಿಂದಲೇ ಸುತ್ತಿದ್ದು, ಹೊಲಿದದ್ದು. ಮೈಸೂರಿನದನ್ನು ಕೆಳಗಿಳಿಸುವುದರಿಂದ ಪಟಗ ಮೇಲೇರುವುದಿಲ್ಲ.

ಇಲ್ಲಿ ತಮ್ಮನ್ನು ಒಂದು ಮಾತು ಕೇಳಲೇಬೇಕು, ತಪ್ಪು ತಿಳಿಯಬಾರದು. ಪತ್ರದ ಮೂರನೆಯ ಪುಟದಲ್ಲಿ, ತಮ್ಮ ತಂದೆಯವರು ಕೊನೆಯ ದಿನದವರೆಗೂ ಪಟಗ ಸುತ್ತುತ್ತಿದ್ದರು, ಅವರ ಪಟಗ ನೋಡಿಯೇ ದೂರದಿಂದ ಅವರನ್ನು ಗುರುತಿಸುತ್ತಿದ್ದರು ಎಂದು ಬಹಳ ಪ್ರೀತಿಯಿಂದ ಬರೆದಿದ್ದೀರಿ. ಇಡೀ ಪತ್ರದಲ್ಲಿ ಅತ್ಯಂತ ಚೆನ್ನಾಗಿರುವ ಸಾಲುಗಳು ಅವೇ. ಆದರೆ ತಾವು ಅದನ್ನು ಕಲಿತಿರೋ ಇಲ್ಲವೋ, ಮೂರು ದಶಕ 
ಶಾಲೆಯಲ್ಲಿ ಪಾಠ ಹೇಳಿದ ತಾವು ಒಬ್ಬ ಹುಡುಗನಿಗಾದರೂ ಅದನ್ನು ಕಲಿಸಿದಿರೋ ಇಲ್ಲವೋ, ಆ ಬಗ್ಗೆ ಒಂದಕ್ಷರವೂ ಇಲ್ಲ. ಕಲಿತಿದ್ದರೆ, ತಮಗೆ ರಟ್ಟಿನ ಪೇಟ ಇಡಲು ಬಂದ ಸಂಘಟಕರ ಕೈಯಿಂದ ಮೈಕು ತೆಗೆದುಕೊಂಡು ಅಲ್ಲಿಯೇ, ಆ ವೇದಿಕೆಯ ಮೇಲೆಯೇ, ತಾವು ಹೊದ್ದ ಶಾಲನ್ನೇ ಪಟಗವಾಗಿ ಸುತ್ತಿ ತೋರಿಸಬಹುದಾಗಿತ್ತು. ಭಾಷೆಯೇ ಗುರುತು ಎನ್ನುವ ತಮ್ಮ ಮಾತನ್ನು ನಾನು ಶಿರಸಾವಹಿಸುತ್ತೇನೆ. ಪಟಗ ಸುತ್ತುವವರು ಇಲ್ಲವಾದಾಗ ಚುಂಗು, ಸಿಂಬಿ, ಹುರಿ ಎಂಬ ಮಾತುಗಳೂ ಮಕ್ಕಳ ಬಾಯಿಂದ ಹೋಗುತ್ತವೆ ಎಂಬುದು ಕನ್ನಡ ಶಿಕ್ಷಕರಿಗೆ ನಾನು ಹೇಳಬೇಕಾದ ವಿಷಯವಲ್ಲ.

ಬರುವ ಜನವರಿ ಸಂಚಿಕೆಯಿಂದ ಪತ್ರಿಕೆಯ ಎರಡು ಪುಟಗಳನ್ನು ಇದಕ್ಕಾಗಿ ಮೀಸಲಿಡುತ್ತಿದ್ದೇವೆ. ಸನ್ಮಾನದ ಚಿತ್ರಗಳು ಬೇಡ. ತಮ್ಮ ಊರಿನಲ್ಲಿ ತಲೆಗೆ ಏನು ಸುತ್ತುತ್ತಾರೆ, ಬಟ್ಟೆ ಯಾವ ಮಗ್ಗದ್ದು, ಎಷ್ಟು ಮೊಳ, ಮೊದಲ ಸುತ್ತು ಎಡಕ್ಕೋ ಬಲಕ್ಕೋ, ಚುಂಗು ಬೆನ್ನಿಗೆ ಇಳಿಯುತ್ತದೆಯೋ ಹೆಗಲಿಗೋ, ಮದುವೆಗೆ ಸುತ್ತುವುದಕ್ಕೂ ಹೊಲಕ್ಕೆ ಸುತ್ತುವುದಕ್ಕೂ ವ್ಯತ್ಯಾಸವೇನು, ಇದನ್ನು ಬಲ್ಲ ಹಿರಿಯರಿಂದ ಕೇಳಿ ಓದುಗರು ಬರೆದು ಕಳಿಸಬೇಕು. ಧಾರವಾಡದ ಪಟಗದ ಬಗ್ಗೆ ಮೊದಲ ಬರಹ ತಮ್ಮಿಂದಲೇ ಬರಲೆಂದು ಜಾಗ ಕಾಯ್ದಿರಿಸಿದ್ದೇನೆ; ಡಿಸೆಂಬರ್ ಹತ್ತರೊಳಗೆ ಕೈಸೇರುವಂತೆ ಕಳಿಸಿಕೊಡಿ.

— ಸಂಪಾದಕ